ಬಿಸಿ ನೀರಿನ ಲೆಕ್ಕ ಬರೆದಿಟ್ಟ ಬಿಯರ್ ವ್ಯಾಪಾರಿ

ಆಟಿಯ ಮಳೆ ಜಡಿದು ಹೊಡೆಯುತ್ತಿದ್ದ ದಿನಗಳು. ಪುತ್ತೂರು ಕಡೆಯ ಮನೆಗೆ ಬೀಗ ಹಾಕಿ ಅಮ್ಮ ಕದ್ರಿಯ ನಮ್ಮ ಫ್ಲಾಟಿಗೆ ಬಂದು ಹದಿನೈದು ದಿನ ಆಗಿತ್ತು. ವಯಸ್ಸು ಎಂಬತ್ತೊಂದು. ಅವರು ದಿನಾ ಬೆಳಿಗ್ಗೆ ತಣ್ಣೀರಿನಲ್ಲೇ ಮೀಯುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಕೆಮ್ಮು ಶುರುವಾದ ಮೇಲೆ. ಬಚ್ಚಲಲ್ಲಿ ಗೀಸರ್ ಉಂಟಲ್ಲ, ಯಾಕೆ ಹೀಗೆ ಎಂದು ಕೇಳಿದೆ. ಅದರ ಮೇಲೆ 3000 ಎಂದು ಬರೆದಿದೆ, ಸ್ವಿಚ್ಚು ಹಾಕಿದರೆ ಮೂರು ಯೂನಿಟ್ ತಿನ್ನುತ್ತದಂತೆ, ಇನ್ನೂರು ದಾಟಿದರೆ ನಿನಗೆ ಪುಕ್ಕಟೆ ಕರೆಂಟು ತಪ್ಪಿಹೋಗುತ್ತದಂತೆ, ಕೆಳಗಿನ ಮನೆಯವರು ಹೇಳಿದರು ಅಂದರು. ಊರಲ್ಲಿ ಹಂಡೆ, ತೆಂಗಿನ ಮಡಲು, ಸಿಪ್ಪೆ. ಖರ್ಚಿನ ಮಾತೇ ಇಲ್ಲ. ಮಗನ ಮನೆಯಲ್ಲಿ ಮಗನಿಗೆ ಭಾರ ಆಗಬಾರದೆಂದು ತಣ್ಣೀರು.

ಕೆಳಗಿನ ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಉಂಟು. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ನಮ್ಮಲ್ಲಿ ಎಲ್ಲರಿಗೂ ಯೂನಿಟ್ಟಿನ ಧ್ಯಾನ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಉಚಿತ, ಅದಕ್ಕಿಂತ ಮೇಲಿನದ್ದಕ್ಕೆ ದುಡ್ಡು, 200 ದಾಟಿತೋ ಇಡೀ ಬಿಲ್ಲು ನಮ್ಮ ತಲೆಗೆ. ಹಾಗಾಗಿ ಹೆದರಿಕೆ ಸುಳ್ಳಲ್ಲ. ಆದರೆ ಹೆದರಬೇಕಾದದ್ದು 3000 ಎಂಬ ಆ ಸಂಖ್ಯೆಗೆ ಅಲ್ಲ. ಇದನ್ನು ಅಮ್ಮನಿಗೆ ವಿವರಿಸಲು ಹೊರಟು ನಾನೇ ತೊದಲಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವನಿಗೆ ವ್ಯಾಟ್ ಯಾವುದು, ಯೂನಿಟ್ ಯಾವುದು ಎಂದು ಎರಡು ವಾಕ್ಯದಲ್ಲಿ ಹೇಳಲು ಬರಲಿಲ್ಲ. ನಾಚಿಕೆಯಾಯಿತು. ಹೈಸ್ಕೂಲಿನ ಪಾಠ ನೆನಪು ಮಾಡಿಕೊಳ್ಳುತ್ತಾ ಹೋದಾಗ ಸಿಕ್ಕಿದವನು ಜೇಮ್ಸ್ ಪ್ರೆಸ್ಕಾಟ್ ಜೂಲ್.

ಗೀಸರಿನ ಮೇಲೆ ಈತನ ಹೆಸರಿಲ್ಲ. ಅಲ್ಲಿರುವುದು ಜೇಮ್ಸ್ ವ್ಯಾಟನದ್ದು. ಮೆಸ್ಕಾಂ ಬಿಲ್ಲಿನಲ್ಲಿಯೂ ಕಿಲೋವ್ಯಾಟ್, ಕಿಲೋವ್ಯಾಟ್ ಗಂಟೆ. ಜೂಲ್ ಎಲ್ಲೂ ಇಲ್ಲ. ಆದರೆ ವ್ಯಾಟ್ ಅಂದರೆ ಎಂತ? ಒಂದು ಸೆಕೆಂಡಿಗೆ ಒಂದು ಜೂಲ್. ನಾವು ಯೂನಿಟ್ ಎನ್ನುವುದು 36 ಲಕ್ಷ ಜೂಲ್. ಹೆಸರು ಅಡಗಿ ಕೂತಿದೆ, ಅಷ್ಟೆ.

ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಮ್ಯಾಂಚೆಸ್ಟರಿಗೆ ತಾಗಿದ ಸಾಲ್ಫರ್ಡಿನಲ್ಲಿ. ಉಗಿಯಂತ್ರದ ವ್ಯಾಟ್ ಮರುವರ್ಷ ತೀರಿಕೊಂಡ. ಜೂಲ್‌ನ ಅಪ್ಪನದ್ದು ಬಿಯರ್ ತಯಾರಿಸುವ ದೊಡ್ಡ ಕಾರ್ಖಾನೆ, ಮನೆಯಲ್ಲಿ ದುಡ್ಡಿಗೆ ಕೊರತೆ ಇಲ್ಲ. ಹುಡುಗನಿಗೆ ಮಾತ್ರ ಬೆನ್ನುಹುರಿಯ ದೌರ್ಬಲ್ಯ, ನಾಚಿಕೆ ಸ್ವಭಾವ. ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಸಿದರು. 1834ರಿಂದ ಅವನಿಗೂ ಅಣ್ಣ ಬೆಂಜಮಿನ್‌ಗೂ ಪಾಠ ಹೇಳಿದವರು ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್. ಎಂಥ ಮೇಷ್ಟ್ರು ನೋಡಿ! 1837ರಲ್ಲಿ ಡಾಲ್ಟನ್‌ಗೆ ಪಾರ್ಶ್ವವಾಯು ಹೊಡೆದು ಪಾಠ ನಿಂತಿತು. ಕಾಲೇಜು, ಡಿಗ್ರಿ ಯಾವುದೂ ಆಗಲಿಲ್ಲ. ಅಣ್ಣತಮ್ಮಂದಿರಿಗೆ ಕರೆಂಟಿನ ಹುಚ್ಚು ಹಿಡಿದು ಪರಸ್ಪರ ಶಾಕ್ ಕೊಟ್ಟುಕೊಳ್ಳುತ್ತಿದ್ದರು. ಮನೆಯ ಕೆಲಸದವರನ್ನೂ ಬಿಡಲಿಲ್ಲ. ಕೆಲಸದವರಿಗೆ ಹೇಗನ್ನಿಸಿತೋ ಯಾರೂ ಕೇಳಿದಂತಿಲ್ಲ.

ನನಗೆ ಈತ ಹತ್ತಿರದವನಾಗಿ ಕಂಡದ್ದು ಮುಂದಿನ ಸಂಗತಿಯಿಂದ. ಜೂಲ್ ಶುರು ಮಾಡಿದ್ದು ಪ್ರಕೃತಿಯ ರಹಸ್ಯ ಹುಡುಕಲು ಅಲ್ಲ, ಖರ್ಚು ಉಳಿಸಲು. ಕಾರ್ಖಾನೆಯಲ್ಲಿ ಉಗಿಯಂತ್ರ ಇತ್ತು, ಅದು ಕಲ್ಲಿದ್ದಲು ತಿನ್ನುತ್ತಿತ್ತು. ಆಗಷ್ಟೇ ವಿದ್ಯುತ್ ಮೋಟಾರು ಎಂಬ ಹೊಸ ವಸ್ತುವಿನ ಗುಲ್ಲು. ಅದನ್ನು ಹಾಕಿಕೊಂಡರೆ ಲಾಭವೋ ನಷ್ಟವೋ? ಹತ್ತೊಂಬತ್ತರ ಹುಡುಗ ಲೆಕ್ಕಕ್ಕೆ ಕೂತ. ಆಗ ಕರೆಂಟು ಬರುತ್ತಿದ್ದದ್ದು ಬ್ಯಾಟರಿಯಿಂದ, ಬ್ಯಾಟರಿ ತಿನ್ನುವುದು ಸತು. ಒಂದು ಪೌಂಡ್ ಸತುವಿನಿಂದ ಎಷ್ಟು ಕೆಲಸ, ಒಳ್ಳೆಯ ಉಗಿಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲಿನಿಂದ ಎಷ್ಟು ಕೆಲಸ? ಕೆಲವು ವರ್ಷ ಒದ್ದಾಡಿ ಕಂಡುಕೊಂಡದ್ದು, ಸತುವಿನಿಂದ ಸಿಗುವುದು ಸುಮಾರು ಐದನೇ ಒಂದು ಪಾಲು. ಮೇಲಾಗಿ ಸತು ದುಬಾರಿ. ಮೋಟಾರಿನ ಯೋಜನೆ ಅಲ್ಲಿಗೆ ಮುಗಿಯಿತು. ಲೆಕ್ಕ ಮಾತ್ರ ಮುಗಿಯಲಿಲ್ಲ. ಕೊಟ್ಟದ್ದರಲ್ಲಿ ಉಳಿದದ್ದು ಎಲ್ಲಿ ಹೋಯಿತು? ಲೆಡ್ಜರ್ ತಾಳೆಯಾಗದಿದ್ದರೆ ರಾತ್ರಿ ನಿದ್ರೆ ಬಾರದ ಗುಮಾಸ್ತರನ್ನು ನಾನು ನೋಡಿದ್ದೇನೆ. ಈತ ಆ ಜಾತಿಯವನು.

ತಂತಿ ಬಿಸಿಯಾಗುವುದನ್ನು ಎಲ್ಲರೂ ನೋಡಿದ್ದರು. ಜೂಲ್ ತಂತಿಯನ್ನು ಗಾಜಿನ ನಳಿಕೆಗೆ ಸುತ್ತಿ ನೀರಿನ ಜಾಡಿಯಲ್ಲಿ ಮುಳುಗಿಸಿದ, ಕರೆಂಟು ಹರಿಸಿದ, ನೀರಿನ ಬಿಸಿ ಅಳೆದ. ಬಕೆಟಿಗೆ ಇಳಿಬಿಡುವ ನಮ್ಮ ರಾಡ್ ಹೀಟರ್ ಇದೇ ತಾನೆ! 1840ರಲ್ಲಿ ಉತ್ತರ ಸಿಕ್ಕಿತು. ಹುಟ್ಟುವ ಬಿಸಿ ತಂತಿಯ ರೋಧಕ್ಕೆ ತಕ್ಕಂತೆ, ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟು ಎರಡು ಪಟ್ಟಾದರೆ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಲಂಡನ್ನಿನ ರಾಯಲ್ ಸೊಸೈಟಿಗೆ ಲೇಖನ ಕಳಿಸಿದ. ಅವರು ಸಾರಾಂಶ ಮಾತ್ರ ಹಾಕಿದರು. ಪೂರ್ಣ ಲೇಖನ ಮರುವರ್ಷ ಬೇರೆ ಪತ್ರಿಕೆಯಲ್ಲಿ ಬಂತು. ಇಪ್ಪತ್ತೊಂದು, ಇಪ್ಪತ್ತೆರಡರ ಬಿಯರ್ ವ್ಯಾಪಾರಿಯ ಮಗ ಹೇಳಿದ್ದನ್ನು ಯಾರು ಕಿವಿಗೆ ಹಾಕಿಕೊಳ್ಳಬೇಕು?

ಆ ವರ್ಗದ ಲೆಕ್ಕವನ್ನು ನಾನು ಕಿವಿಗೆ ಹಾಕಿಕೊಳ್ಳದ್ದರ ಗುರುತು ನಮ್ಮ ಹಳೆಯ ಬಾಡಿಗೆ ಮನೆಯ ಗೋಡೆಯಲ್ಲಿ ಇತ್ತು. 1500 ವ್ಯಾಟಿನ ರಾಡನ್ನು ಫ್ಯಾನು, ರೇಡಿಯೋ ಹಾಕುವ ಸಣ್ಣ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದೆ. ಒಂದು ದಿನ ಸುಟ್ಟ ವಾಸನೆ, ಪ್ಲಗ್ಗು ಕಪ್ಪಾಗಿ ಗೋಡೆಗೇ ಅಂಟಿಕೊಂಡಿತ್ತು. ಈಗ ಲೆಕ್ಕ ಹಾಕುತ್ತೇನೆ: 75 ವ್ಯಾಟಿನ ಫ್ಯಾನಿಗೆ 230 ವೋಲ್ಟಿನಲ್ಲಿ ಮೂರನೇ ಒಂದು ಆಂಪಿಯರ್ ಸಾಕು. ಈ ರಾಡ್ ಎಳೆಯುವುದು ಆರೂವರೆ ಆಂಪಿಯರ್, ಅಂದರೆ ಇಪ್ಪತ್ತು ಪಟ್ಟು. ಅದೇ ತಂತಿ, ಅದೇ ಪ್ಲಗ್ಗಿನಲ್ಲಿ ಹುಟ್ಟುವ ಬಿಸಿ ಮಾತ್ರ ನಾನೂರು ಪಟ್ಟು! ಪಿನ್ನು ಸಡಿಲವಿದ್ದರೆ ಆ ಜಾಗದಲ್ಲಿ ರೋಧ ಹೆಚ್ಚು, ಬಿಸಿ ಪೂರ್ತಿ ಅಲ್ಲೇ. ಅಮ್ಮನ ಬಚ್ಚಲಿನ 3000 ವ್ಯಾಟ್ ಎಳೆಯುವುದು 13 ಆಂಪಿಯರ್. ಅದಕ್ಕೆ ದಪ್ಪ ತಂತಿ, ದೊಡ್ಡ ಪವರ್ ಪ್ಲಗ್ಗು ಬೇಕೇ ಬೇಕು. 3000 ಎಂಬ ಸಂಖ್ಯೆಗೆ ಹೆದರುವುದಾದರೆ ಈ ವಿಷಯದಲ್ಲಿ ಹೆದರಬೇಕು, ಯೂನಿಟ್ಟಿನ ವಿಷಯದಲ್ಲಿ ಅಲ್ಲ.

ಜೂಲ್‌ನ ಕಡೆಗೆ ಮರಳುತ್ತೇನೆ. ಆ ಕಾಲದ ಪಂಡಿತರ ಪ್ರಕಾರ ಬಿಸಿ ಎಂಬುದು ಒಂದು ಬಗೆಯ ದ್ರವ. ಅದನ್ನು ಹುಟ್ಟಿಸಲೂ ಆಗದು, ನಾಶ ಮಾಡಲೂ ಆಗದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ ಅಷ್ಟೆ. ಜೂಲ್‌ಗೆ ಸಂಶಯ. ಬ್ಯಾಟರಿಯನ್ನೇ ಬದಿಗಿಟ್ಟು, ನೀರಿನ ನಳಿಕೆಯೊಳಗೆ ತಂತಿಸುರುಳಿ ಇಟ್ಟು, ಅಯಸ್ಕಾಂತದ ನಡುವೆ ಗರಗರ ತಿರುಗಿಸಿದ. ನೀರು ಬಿಸಿಯಾಯಿತು. ಎಲ್ಲಿಂದಲೂ ಬಿಸಿ ಹರಿದು ಬಂದಿಲ್ಲ. ತಿರುಗಿಸಿದ ಶ್ರಮವೇ ಬಿಸಿಯಾಗಿದೆ. 1843ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಇದನ್ನು ಓದಿದ. ಸಭೆ ಸುಮ್ಮನೆ ಕೂತಿತ್ತು.

ಆಮೇಲೆ ಪ್ರಸಿದ್ಧವಾದ ಆ ಹುಟ್ಟುಗಾಲಿಯ ಪ್ರಯೋಗ. ತಾಮ್ರದ ಪಾತ್ರೆಯಲ್ಲಿ ನೀರು, ಅದರೊಳಗೆ ಹಿತ್ತಾಳೆಯ ಹುಟ್ಟುಗಳು, ಹೊರಗೆ ದಾರಕ್ಕೆ ಕಟ್ಟಿದ ತೂಕದ ಗುಂಡುಗಳು. ಗುಂಡು ಕೆಳಗಿಳಿದಂತೆ ಹುಟ್ಟು ತಿರುಗಿ ನೀರನ್ನು ಕಡೆಯುತ್ತದೆ. ಮೊಸರು ಕಡೆದ ಹಾಗೆಯೇ. ಮನೆಯ ನೆಲಮಾಳಿಗೆಯಲ್ಲಿ ಇಪ್ಪತ್ತು ಸಲ ಗುಂಡು ಏರಿಸಿ ಇಳಿಸಿದರೂ ನೀರಿನ ಬಿಸಿ ಏರಿದ್ದು ಅರ್ಧ ಡಿಗ್ರಿ ಫ್ಯಾರನ್‌ಹೀಟಿಗಿಂತ ಸ್ವಲ್ಪ ಹೆಚ್ಚು. ಅದನ್ನು ಅಳೆಯಲು ಮ್ಯಾಂಚೆಸ್ಟರಿನ ಡಾನ್ಸರ್ ಎಂಬ ಉಪಕರಣ ತಯಾರಕ ಬಹಳ ಸೂಕ್ಷ್ಮವಾದ ಥರ್ಮಾಮೀಟರ್ ಮಾಡಿಕೊಟ್ಟಿದ್ದ. ಡಿಗ್ರಿಯ ಇನ್ನೂರನೇ ಒಂದು ಪಾಲು ಓದುತ್ತೇನೆ ಎಂದು ಜೂಲ್ ಹೇಳಿದಾಗ ವಿದ್ವಾಂಸರು ನಂಬಲಿಲ್ಲ. ಆದರೆ ಬಿಯರ್ ಮಾಡುವವನಿಗೆ ಥರ್ಮಾಮೀಟರೇ ಜೀವ. ಹುಳಿ ಬರಿಸುವಾಗ ಬಿಸಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಇಡೀ ಪೀಪಾಯಿ ಹಾಳು. ಅವರಿಗೆ ಇಲ್ಲದ ಕೈಪಳಗು ಇವನಿಗಿತ್ತು.

1847ರಲ್ಲಿ ಮ್ಯಾಂಚೆಸ್ಟರಿನ ಒಂದು ಚರ್ಚಿನ ವಾಚನಾಲಯದಲ್ಲಿ ಊರವರಿಗೆ ಉಪನ್ಯಾಸ ಕೊಟ್ಟು ತನ್ನ ಸಿದ್ಧಾಂತವನ್ನು ಪೂರ್ತಿ ಬಿಡಿಸಿ ಹೇಳಿದ. ಅದು ಅಚ್ಚಾದದ್ದು ವಿಜ್ಞಾನ ಪತ್ರಿಕೆಯಲ್ಲಲ್ಲ, ಅಣ್ಣ ಸಂಗೀತ ವಿಮರ್ಶೆ ಬರೆಯುತ್ತಿದ್ದ ಸ್ಥಳೀಯ ಪತ್ರಿಕೆಯಲ್ಲಿ. ಅದೇ ಜೂನ್‌ನಲ್ಲಿ ಆಕ್ಸ್‌ಫರ್ಡ್ ಸಭೆ. ಸಮಯ ಇಲ್ಲ, ಚುಟುಕಾಗಿ ಮುಗಿಸಿ ಎಂದು ಅಧ್ಯಕ್ಷರು ಸೂಚಿಸಿದ್ದರು. ಇನ್ನೇನು ಈ ಸಲವೂ ತಣ್ಣಗಾಗುತ್ತಿತ್ತು, ಅಷ್ಟರಲ್ಲಿ ಇಪ್ಪತ್ತಮೂರರ ವಿಲಿಯಂ ಥಾಮ್ಸನ್ ಎಂಬ ಪ್ರೊಫೆಸರ್ ಆಸಕ್ತಿ ತೋರಿಸಿದ. ಮುಂದೆ ಲಾರ್ಡ್ ಕೆಲ್ವಿನ್ ಆದವನು ಇವನೇ. ಪೂರ್ತಿ ಒಪ್ಪಲಿಲ್ಲ, ಆದರೆ ಬಿಟ್ಟುಹಾಕಲೂ ಇಲ್ಲ. ಅಲ್ಲಿಂದ ಜೂಲ್‌ನ ಮಾತಿಗೆ ಕಿವಿಗಳು ಸಿಕ್ಕವು.

ಆ ಆಗಸ್ಟಿನಲ್ಲಿ ಜೂಲ್ ಅಮೀಲಿಯಾ ಗ್ರೈಮ್ಸ್‌ಳನ್ನು ಮದುವೆಯಾದ. ಮಧುಚಂದ್ರಕ್ಕೆ ಆಲ್ಪ್ಸ್ ಬೆಟ್ಟಗಳಿಗೆ ಹೋದಾಗ ದಾರಿಯಲ್ಲಿ ಥಾಮ್ಸನ್ ಎದುರಾದನಂತೆ. ಜೂಲ್‌ನ ಕೈಯಲ್ಲಿ ಉದ್ದನೆಯ ಥರ್ಮಾಮೀಟರ್, ಜಲಪಾತದ ಮೇಲಿನ ನೀರಿಗೂ ಕೆಳಗಿನ ನೀರಿಗೂ ಎಷ್ಟು ವ್ಯತ್ಯಾಸ ಎಂದು ನೋಡುವ ಹಂಬಲ. ಕಥೆ ಹೇಳಿದವನು ಥಾಮ್ಸನ್, ಅದೂ ಎಷ್ಟೋ ವರ್ಷ ಕಳೆದ ಮೇಲೆ. ಥರ್ಮಾಮೀಟರಿನ ಭಾಗ ಸ್ವಲ್ಪ ಉಪ್ಪುಖಾರ ಇರಬಹುದು. ಆದರೆ ಲೆಕ್ಕ ನಿಜ. ಜೂಲ್ ಕಂಡುಕೊಂಡ ಸಂಖ್ಯೆ 772. ಒಂದು ಪೌಂಡ್ ನೀರು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಲು 772 ಅಡಿ ಎತ್ತರದಿಂದ ಬೀಳಬೇಕು.

ನನಗೆ ಕೂಡಲೇ ಜೋಗ ನೆನಪಾಯಿತು. ರಾಜಾ ಧುಮುಕುವುದು 830 ಅಡಿಯಿಂದ. ಅಷ್ಟು ಎತ್ತರದಿಂದ, ಅಷ್ಟು ಆರ್ಭಟದಿಂದ ಬಿದ್ದರೂ ಆ ನೀರು ಬಿಸಿಯಾಗುವುದು ಸುಮಾರು 0.6 ಡಿಗ್ರಿ ಸೆಲ್ಸಿಯಸ್, ಅದೂ ಗಾಳಿಗೆ ಏನೂ ಹೋಗದಿದ್ದರೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ನಮ್ಮ ಇನ್ನೊಂದು ಬಚ್ಚಲಲ್ಲಿ 15 ಲೀಟರಿನ ಟ್ಯಾಂಕ್ ಗೀಸರ್ ಉಂಟು, 2000 ವ್ಯಾಟ್. ಮಂಗಳೂರಿನ ನಲ್ಲಿ ನೀರು 27 ಡಿಗ್ರಿ ಎನ್ನೋಣ. ಅದನ್ನು 55ಕ್ಕೆ ಏರಿಸಲು ಅರ್ಧ ಯೂನಿಟ್ ಬೇಕು. ಅರ್ಧ ಯೂನಿಟ್ ಎಷ್ಟು ಶ್ರಮ? ಜೋಗದ ನೆತ್ತಿಯಿಂದ 700 ಲೀಟರ್ ನೀರು ಬಿದ್ದು, ಅದರ ಒಂದು ಚೂರೂ ನಷ್ಟವಾಗದೆ ನಮ್ಮ ಬಚ್ಚಲಿಗೆ ತಲುಪಿದರೆ ಅಷ್ಟು. ಹದಿನೈದು ಲೀಟರ್ ಬಿಸಿ ಮಾಡಲು ಏಳುನೂರು ಲೀಟರಿನ ಜೋಗ! ನನ್ನ ತಲೆಯಲ್ಲಿ ಯೂನಿಟ್ ಎಂಬುದಕ್ಕೆ ಮೊದಲ ಸಲ ಒಂದು ಗಾತ್ರ ಬಂತು. ಬಿಸಿ ಮಾಡುವುದು ಸದಾ ದುಬಾರಿ ಕೆಲಸ. ಊರಲ್ಲಿ ಸಿಪ್ಪೆ ಪುಕ್ಕಟೆ ಸಿಗುತ್ತಿದ್ದರಿಂದ ನಮಗದು ಗೊತ್ತಾಗಿರಲಿಲ್ಲ, ಅಷ್ಟೆ.

ಈಗ ಕೆಳಗಿನ ಮನೆಯವರ ಮೂರು ಯೂನಿಟ್ಟಿನ ಮಾತು. 3000 ವ್ಯಾಟ್ ಅಂದರೆ ಕರೆಂಟು ತಿನ್ನುವ ವೇಗ, ತಿಂದ ಒಟ್ಟು ಅಲ್ಲ. ಪೂರ್ತಿ ಒಂದು ಗಂಟೆ ಉರಿದರೆ ಮಾತ್ರ ಮೂರು ಯೂನಿಟ್. ಅಮ್ಮನಿಗೆ ಮೀಯಲು ಒಂದು ಬಕೆಟ್, 20 ಲೀಟರ್, 40 ಡಿಗ್ರಿ ಇದ್ದರೆ ಸಾಕು. 27ರಿಂದ 40ಕ್ಕೆ ಏರಿಸಲು ಬೇಕಾದದ್ದು 0.3 ಯೂನಿಟ್. 3000 ವ್ಯಾಟಿನ ಗೀಸರ್ ಅದನ್ನು ಆರು ನಿಮಿಷದಲ್ಲಿ ಮಾಡುತ್ತದೆ, 1000 ವ್ಯಾಟಿನದ್ದು ಹದಿನೆಂಟು ನಿಮಿಷದಲ್ಲಿ. ಮೀಟರಿನಲ್ಲಿ ಎರಡಕ್ಕೂ ಅದೇ 0.3. ಕಡಿಮೆ ವ್ಯಾಟಿನದ್ದು ತೆಗೆದುಕೊಳ್ಳಿ, ಕರೆಂಟು ಉಳಿಯುತ್ತದೆ ಎಂದು ಅಂಗಡಿಯಲ್ಲಿ ಹೇಳುವುದು ಫ್ಯಾನು, ಬಲ್ಬಿಗೆ ಸರಿ. ನೀರು ಕಾಯಿಸುವುದಕ್ಕೆ ಸರಿಯಲ್ಲ. ನೀರಿಗೆ ಬೇಕಾದಷ್ಟು ಜೂಲ್ ಬೇಕೇ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಸಂಜೆ ವೋಲ್ಟೇಜು 200ಕ್ಕೆ ಇಳಿದಾಗಲೂ ಹಾಗೆಯೇ. 2000 ವ್ಯಾಟಿನ ಗೀಸರ್ ಆಗ ಸುಮಾರು 1500ಕ್ಕೆ ಕುಗ್ಗುತ್ತದೆ, ನೀರು ಕಾಯಲು ತಡವಾಗುತ್ತದೆ, ಯೂನಿಟ್ ಹೆಚ್ಚುಕಡಿಮೆ ಅಷ್ಟೇ.

ಬಿಲ್ಲಿನಲ್ಲಿ ಕಿಲೋವ್ಯಾಟಿಗೆ ಬೇರೆ ಒಂದು ಜಾಗ ಉಂಟು: ಮಂಜೂರಾದ ಲೋಡ್. ನಿಗದಿತ ಶುಲ್ಕ ಅದರ ಮೇಲೆ. ಅದೂ ವೇಗದ ಬೆಲೆಯೇ, ಒಟ್ಟಿನದ್ದಲ್ಲ.

ಹಾಗಾದರೆ ಯೂನಿಟ್ ಪೋಲಾಗುವುದು ಎಲ್ಲಿ? ನನ್ನ ಕೈಯಲ್ಲೇ. ಟ್ಯಾಂಕ್ ಗೀಸರನ್ನು ಬೆಳಿಗ್ಗೆ ಹಾಕಿ ಮರೆತು, ಮಧ್ಯಾಹ್ನ ಬಂದು ನೋಡುವವನು ನಾನು. ಟ್ಯಾಂಕಿನ ಬಿಸಿ ಗೋಡೆಯ ಮೂಲಕ ಸೋರುತ್ತದೆ, ಥರ್ಮೋಸ್ಟಾಟ್ ಮತ್ತೆ ಹೊತ್ತಿಸುತ್ತದೆ, ಪುನಃ ಸೋರುತ್ತದೆ. ಅಂಥ ಗೀಸರಿನ ಸ್ಟಾರ್ ಚೀಟಿ ಹೇಳುವುದು ಮುಖ್ಯವಾಗಿ ಈ ಸೋರಿಕೆಯ ಕಥೆಯನ್ನು. ಐದು ಸ್ಟಾರ್ ಇದ್ದರೂ ಮೊದಲ ಸಲ ಕಾಯಿಸುವ ಅರ್ಧ ಯೂನಿಟ್ ತಪ್ಪುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಮಿಂದು, ಸ್ವಿಚ್ಚು ತೆಗೆದರೆ ಸೋರಲು ಹೆಚ್ಚು ಉಳಿಯುವುದಿಲ್ಲ. ಸೋಲಾರ್ ಹಾಕಿ ಎನ್ನುತ್ತಾರೆ. ನಮ್ಮೂರಿನ ಬಿಸಿಲು ಧಾರಾಳ ಇರುವುದು ಯಾರಿಗೂ ಬಿಸಿ ನೀರು ಬೇಡದ ಏಪ್ರಿಲ್‌ನಲ್ಲಿ, ಅದು ಬೇರೆ ಮಾತು.

ಜೂಲ್ ಇದ್ದಿದ್ದರೆ ಇನ್ನೊಂದು ನಷ್ಟವನ್ನೂ ತೋರಿಸುತ್ತಿದ್ದ ಎಂದುಕೊಳ್ಳುತ್ತೇನೆ. ಪಣಂಬೂರು ಬಂದರಿಗೆ ಹಡಗಿನಲ್ಲಿ ಕಲ್ಲಿದ್ದಲು ಬರುತ್ತದೆ, ಪಡುಬಿದ್ರೆ ಬಳಿಯ ಎಲ್ಲೂರಿನ 1200 ಮೆಗಾವ್ಯಾಟ್ ಸ್ಥಾವರಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಉರಿಸಿ ಬಿಸಿ ಮಾಡಿ, ಬಿಸಿಯಿಂದ ಉಗಿ, ಉಗಿಯಿಂದ ಕರೆಂಟು. ಇಂಥ ಸ್ಥಾವರದಲ್ಲಿ ಕಲ್ಲಿದ್ದಲಿನ ಬಿಸಿಯ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕರೆಂಟಾಗುತ್ತದೆ, ಮಿಕ್ಕದ್ದು ಗಾಳಿಗೆ, ನೀರಿಗೆ. ಹೀಗೆ ಬಿಸಿಯನ್ನು ಕರೆಂಟು ಮಾಡಿ, ಆ ಕರೆಂಟನ್ನು ಬಚ್ಚಲಿನಲ್ಲಿ ಪುನಃ ಬಿಸಿ ಮಾಡುತ್ತೇವೆ. ಗೀಸರ್ ತನ್ನ ಮಟ್ಟಿಗೆ ಪ್ರಾಮಾಣಿಕ, ಕೊಟ್ಟದ್ದನ್ನೆಲ್ಲ ಬಿಸಿ ಮಾಡುತ್ತದೆ. ಪೋಲು ಆಗಿರುವುದು ಅದಕ್ಕೂ ಮುಂಚೆ, ನಮ್ಮ ಮೀಟರಿಗೆ ಕಾಣದ ಕಡೆ. ಅಮ್ಮನ ಹಂಡೆಯೂ ಅರ್ಧಕ್ಕರ್ಧ ಬಿಸಿಯನ್ನು ಹೊಗೆಯ ಜೊತೆ ಕಳಿಸುತ್ತಿದ್ದಿರಬೇಕು. ಅದಕ್ಕೆ ಬಿಲ್ಲು ಬರುತ್ತಿರಲಿಲ್ಲ.

ಜೂಲ್‌ನ ಮುಂದಿನ ಬದುಕು ಅಷ್ಟು ಸುಖದ್ದಲ್ಲ. 1850ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವ ಬಂತು, ಥಾಮ್ಸನ್ ಜೊತೆ ಸೇರಿ ಅನಿಲಗಳು ಹಿಗ್ಗುವಾಗ ತಣ್ಣಗಾಗುವುದನ್ನು ಅಳೆದ. ಅನಿಲಗಳನ್ನು ದ್ರವ ಮಾಡುವ ವಿದ್ಯೆಗೆ ಮುಂದೆ ಅದು ದಾರಿಯಾಯಿತು. ಆದರೆ 1854ರಲ್ಲಿ ಹೆಂಡತಿ ಅಮೀಲಿಯಾ ತೀರಿಕೊಂಡಳು. ಮತ್ತೆ ಮದುವೆಯಾಗಲಿಲ್ಲ. ಇಬ್ಬರು ಸಣ್ಣ ಮಕ್ಕಳು ಮನೆಯಲ್ಲಿ. ಅದೇ ವರ್ಷ ಕುಟುಂಬದ ಬಿಯರ್ ಕಾರ್ಖಾನೆಯೂ ಮಾರಾಟವಾಯಿತು. ಜರ್ಮನಿಯ ವೈದ್ಯ ಮೇಯರ್ ಇದೇ ವಿಚಾರವನ್ನು ಮೊದಲು ಹೇಳಿದ್ದು ತಾನೆಂದು ವಾದ ಹೂಡಿದ್ದ. ಹಡಗಿನ ವೈದ್ಯನಾಗಿ ಜಾವಾಕ್ಕೆ ಹೋದಾಗ, ಬಿಸಿಲ ನಾಡಿನಲ್ಲಿ ನಾವಿಕರ ರಕ್ತದ ಬಣ್ಣ ಬೇರೆಯಾದದ್ದು ಕಂಡು ಅವನಿಗೆ ಹೊಳೆದದ್ದು. ಹೊಳೆದದ್ದು ಅವನಿಗೆ ಮೊದಲು ಇರಬಹುದು, ಬೆವರು ಸುರಿಸಿ ಅಳೆದದ್ದು ಜೂಲ್. ಎರಡಕ್ಕೂ ಪಾಲು ಕೊಡುವುದು ನ್ಯಾಯ ಎಂದು ನನಗನ್ನಿಸುತ್ತದೆ.

ಜೀವಮಾನದಲ್ಲಿ ಎಲ್ಲೂ ಪ್ರೊಫೆಸರ್ ಆಗಲಿಲ್ಲ, ಹೆಚ್ಚಿನ ಪ್ರಯೋಗಗಳ ಖರ್ಚು ಸ್ವಂತದ್ದು. ಕೊನೆಗೆ ಕೈ ಬರಿದಾಗಿ, 1878ರಿಂದ ಸರಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. ಅದೇ ಹೊತ್ತಿಗೆ ಹಳೆಯ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ಸಂಖ್ಯೆಯನ್ನು 772.55 ಎಂದು ತಿದ್ದಿಕೊಂಡ. 1889ರ ಬೇಸಗೆಯ ಕೊನೆಗೆ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ಶಕ್ತಿಯ ಮಾನಕ್ಕೆ ಜೂಲ್ ಎಂದೂ, ವೇಗದ ಮಾನಕ್ಕೆ ವ್ಯಾಟ್ ಎಂದೂ ಹೆಸರಿಟ್ಟಿತು. ಕೆಲವೇ ವಾರಗಳಲ್ಲಿ, ಅಕ್ಟೋಬರ್ 11ರಂದು, ಸೇಲ್ ಎಂಬ ಊರಿನ ತನ್ನ ಮನೆಯಲ್ಲಿ ಜೂಲ್ ಕಣ್ಣುಮುಚ್ಚಿದ. ಸಮಾಧಿ ಕಲ್ಲಿನ ಮೇಲೆ 772.55 ಕೆತ್ತಿದ್ದಾರೆ.

ಇದಿಷ್ಟನ್ನೂ ಅಮ್ಮನಿಗೆ ಹೇಳಲಿಲ್ಲ. ಒಂದು ಸಂಜೆ ಅವರನ್ನು ಕೆಳಗೆ ಮೀಟರಿನ ಹತ್ತಿರ ಕರೆದುಕೊಂಡು ಹೋದೆ, ಅಂಕಿ ತೋರಿಸಿದೆ. ಮೇಲೆ ಬಂದು ಗೀಸರ್ ಹಾಕಿ ಒಂದು ಬಕೆಟ್ ತುಂಬಿಸಿ ಮಿಂದರು. ಪುನಃ ಇಳಿದು ನೋಡಿದೆವು. ಕೊನೆಯ ಅಂಕಿ ಅಷ್ಟಿಷ್ಟು ಜರುಗಿತ್ತು, ಫ್ರಿಡ್ಜಿನದ್ದೂ ಸೇರಿ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ತಿಂಗಳಿಗೆ ಒಂಬತ್ತು ಯೂನಿಟ್ ಅಂದೆ. ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಹಬೆ ಬರುತ್ತಿತ್ತು. ನಾನು ಮಿಂದು ಮರೆತುಬಂದ ಟ್ಯಾಂಕ್ ಗೀಸರಿನ ಸ್ವಿಚ್ಚನ್ನು ಈಗ ದಿನಾ ಹೋಗಿ ತೆಗೆಯುವವರು ಅಮ್ಮನೇ, ಬೈದುಕೊಂಡು.